ಗುರುವಾರದ ಎಲೆಗಳು

ಹಾಸಿಗೆ ಹೊದಿಕೆಗಳ ಆ ಕಾರ್ಖಾನೆಯಲ್ಲಿ ಎಲ್ಲರೂ ಅವಳನ್ನು ಹೂವಿನಕ್ಕ ಅನ್ನುತ್ತಿದ್ದರು. ಬಟ್ಟೆಯ ಮೇಲೆ ಅಚ್ಚಾಗಬೇಕಾದ ಹೂಬಳ್ಳಿಗಳನ್ನು ಮೊದಲು ಕಾಗದದ ಮೇಲೆ ಬಿಡಿಸುವುದು ಹತ್ತೊಂಬತ್ತು ವರ್ಷಗಳಿಂದ ಅವಳ ಕೆಲಸ. ಊರಿನ ಅರ್ಧ ಜನ ಅವಳ ಹೂವಿನ ಮೇಲೆ ಬಿದ್ದುಕೊಂಡು ಗೊರಕೆ ಹೊಡೆಯುತ್ತಾರೆ. ಚಿತ್ರ ಬಿಡಿಸುವವಳಿಗೆ ಇದಕ್ಕಿಂತ ದೊಡ್ಡ ಮರ್ಯಾದೆ ಇನ್ನೇನು ಬೇಕು ಹೇಳಿ!

ಅಂಥವಳಿಗೆ ಮೂರು ತಿಂಗಳಿಂದ ಒಂದೇ ಒಂದು ಹೂವು ಹೊಳೆದಿಲ್ಲ. ಯಜಮಾನರು ಕಾದು ಕಾದು ಕೊನೆಗೆ ಒಂದು ತಿಂಗಳ ಗಡುವು ಕೊಟ್ಟರು. ಅಷ್ಟರಲ್ಲಿ ಹೊಸ ಚಿತ್ರ ಬರದಿದ್ದರೆ ಅವಳ ಮೇಜು ಬೇರೆಯವರ ಪಾಲು, ಅವಳು ಕೆಳಗೆ ಹೊದಿಕೆ ಮಡಿಸುವ ವಿಭಾಗಕ್ಕೆ.

"ಮುಂಚೆ ಹೀಗಿರಲಿಲ್ಲ ಕಣ್ರೀ," ಎಂದು ಗಂಡನ ಹತ್ತಿರ ಗೋಳಾಡಿದಳು. "ಆ ಮೊದಲನೇ ಬಳ್ಳಿ ನೆನಪಿದೆಯಾ? ಹಾಲು ಉಕ್ಕೋ ಅಷ್ಟರಲ್ಲಿ ಹೊಳೆದುಬಿಟ್ಟಿತ್ತು."

ಬಸ್ ಕಂಡಕ್ಟರ್ ಗಂಡ ಅಂಗಿಗೆ ಇಸ್ತ್ರಿ ಹಾಕುತ್ತಿದ್ದ. "ಯಾವ ಹಾಲು? ಮೂರು ವಾರ ನೀನು ಅಡುಗೆಮನೆಗೇ ಕಾಲಿಡಲಿಲ್ಲ. ನಾನೇ ಬೇಯಿಸಿ ಹಾಕ್ತಿದ್ದೆ. ಅಳಿಸಿ ಅಳಿಸಿ ಕಾಗದ ತೂತು ಮಾಡಿ ಅಳ್ತಾ ಕೂತಿರ್ತಿದ್ದೆ ನೀನು."

ಇದ್ದದ್ದು ಇದ್ದ ಹಾಗೆ ಹೇಳಿದರೆ ಎದ್ದು ಬಂದು ಎದೆಗೆ ಒದ್ದರಂತೆ. ಹೂವಿನಕ್ಕ ಒದೆಯಲಿಲ್ಲ, ಎರಡು ದಿನ ಮಾತು ಬಿಟ್ಟಳು ಅಷ್ಟೆ. ಆದರೆ ಹಾಲು ಅವಳ ಕಣ್ಣಿಗೆ ಕಟ್ಟಿದಂತಿತ್ತು. ಹಾಗಾದರೆ ಯಾರ ನೆನಪು ಸುಳ್ಳು? ತಲೆ ಕೆಟ್ಟು ಹೋಯಿತು.

ಹೊಳೆಯಲಿ ಬಿಡಲಿ, ಬೆಳಿಗ್ಗೆ ಒಂಬತ್ತಕ್ಕೆ ಮೇಜಿನ ಮುಂದೆ ಕೂರಲೇಬೇಕು. ಗಾಜಿನ ಆಚೆ ಮೇಲ್ವಿಚಾರಕನ ಕಣ್ಣಿದೆ. ಪೆನ್ಸಿಲು ಆಡದಿದ್ದರೆ ಅವನ ನಾಲಿಗೆ ಆಡುತ್ತದೆ. ಹೂವು ಬಾರದವಳು ಏನು ಬಿಡಿಸಬೇಕು? ಎಲೆ ಬಿಡಿಸಿದಳು. ಹೊದಿಕೆಯ ಉದ್ದಕ್ಕೂ ಒಂದೇ ಚಿತ್ರ ಮತ್ತೆ ಮತ್ತೆ ಅಚ್ಚಾಗುವುದರಿಂದ, ಕಾಗದದ ಬಲ ಅಂಚು ಎಡ ಅಂಚಿಗೆ ಸರಿಯಾಗಿ ಕೂಡಬೇಕು. ಕೂಡದ ಕಡೆ ಸಣ್ಣ ಎಲೆ ತುಂಬಿ ಸಂದು ಮುಚ್ಚುತ್ತಾರೆ. ಆ ಕೆಲಸಕ್ಕೆ ತಲೆ ಬೇಡ, ಕೈ ಸಾಕು. ದಿನಕ್ಕೊಂದು ಹಾಳೆಯ ತುಂಬ ಬರೀ ಎಲೆ ಬಿಡಿಸಿ ಸಂದು ಮುಚ್ಚಿ, ಹಿಂದೆ ವಾರ, ತಾರೀಖು ಬರೆದು ಡ್ರಾಯರಿಗೆ ತುರುಕುತ್ತಿದ್ದಳು.

"ಏನಕ್ಕಾ, ಬರೀ ಸೊಪ್ಪು? ಮೇಕೆ ಸಾಕ್ತೀಯಾ?" ಎಂದು ಅಚ್ಚಿನ ಮೇಸ್ತ್ರಿ ಛೇಡಿಸಿದ. ಅವಳು ನಕ್ಕಳು. ಒಳಗೆ ಮಾತ್ರ ಉರಿಯುತ್ತಿತ್ತು.

ಗಡುವಿನ ದಿನ ಬಂತು. ಒದ್ದಾಡಿ ಬಿಡಿಸಿದ ಮೂರು ಹೂವಿನ ಹಾಳೆಗಳನ್ನು ಮೇಲಿಟ್ಟಳು. ಕಟ್ಟು ದಪ್ಪ ಕಾಣಲಿ ಎಂದು ಎಲೆಗಳನ್ನೆಲ್ಲ ಕೆಳಗಿಟ್ಟು, ಯಜಮಾನರ ಕೋಣೆಗೆ ಹೋದಳು.

ಯಜಮಾನರು ಹೂವುಗಳನ್ನು ಹಳೆಯ ಪೇಪರಿನಂತೆ ಪಕ್ಕಕ್ಕೆ ಸರಿಸಿದರು. ಕೆಳಗಿನಿಂದ ಒಂದು ಹಾಳೆ ಎಳೆದು, "ಇದು!" ಎಂದರು. ಮೇಸ್ತ್ರಿಯನ್ನು ಕರೆಸಿದರು. ಅವನು ಹಾಳೆಯನ್ನು ಸುರುಳಿ ಸುತ್ತಿ, ಅಂಚಿಗೆ ಅಂಚು ಕೂಡಿಸಿ, ಬೆರಳಾಡಿಸಿ ನೋಡಿದ. "ಸಂದು ಎಲ್ಲಿದೆ ಅಂತ ನನಗೇ ಸಿಗ್ತಿಲ್ಲ ಸಾರ್," ಎಂದ. ಈಗ ಮೇಕೆಯ ಸುದ್ದಿ ಎತ್ತಲಿಲ್ಲ.

ಹೂವಿನಕ್ಕ ಕಕ್ಕಾಬಿಕ್ಕಿಯಾದಳು. ಇದನ್ನು ಬಿಡಿಸಿದ್ದು ತಾನೇನಾ? ತಿರುಗಿಸಿ ನೋಡಿದಳು. ತನ್ನದೇ ಅಕ್ಷರ, ಗುರುವಾರ. ಆ ಗುರುವಾರ ಏನಾಗಿತ್ತು? ಹಲ್ಲು ನೋಯುತ್ತಿತ್ತು. ಊಟದ ಬಿಡುವಿನ ಗಂಟೆ ಯಾವಾಗ ಹೊಡೆಯುತ್ತದೋ ಎಂದು ಗಡಿಯಾರ ನೋಡುತ್ತಿದ್ದಳು. ಅಷ್ಟು ಬಿಟ್ಟರೆ ಏನೂ ನೆನಪಾಗಲಿಲ್ಲ. ಇದು ಹೀಗೆ ಬರುವುದಾದರೆ, ನಾಲ್ಕು ತಿಂಗಳು ತಾನು ಕಾದದ್ದು ಯಾವುದಕ್ಕೆ?

"ಎಂಥ ಚಿತ್ರ! ಹೇಗೆ ಹೊಳೀತು ನಿಮಗೆ?" ಎಂದರು ಯಜಮಾನರು.

ಏನಾದರೂ ಚೆಂದದ್ದು ಹೇಳೋಣವೆಂದು ಬಾಯಿ ತೆರೆದಳು. ಬಂದದ್ದು ಇದ್ದದ್ದೇ.

"ಹೊಳೀಲಿಲ್ಲ ಸಾರ್. ಆವತ್ತೂ ಬಂದು ಕೂತಿದ್ದೆ."

ಎಂಥ ವಿನಯ ಎಂದು ಅವರು ಮೆಚ್ಚಿ ನಕ್ಕರು. ಅವಳಿಗೆ ಅಳು ಬಂದುಬಿಟ್ಟಿತು. ಮೇಜು ಉಳಿಯಿತೆಂಬ ಸಂತೋಷಕ್ಕೋ, ಹತ್ತೊಂಬತ್ತು ವರ್ಷ ತನ್ನ ಕೈ ಮಾಡಿದ್ದನ್ನೆಲ್ಲ ಹೊಳೆದದ್ದು ಎಂದುಕೊಂಡೆನಲ್ಲ ಎಂಬ ಸಂಕಟಕ್ಕೋ, ಅವಳಿಗೇ ತಿಳಿಯಲಿಲ್ಲ.