ಹಾಡುವ ಗಾಡಿ

ಕೊರೊನಾ ಕಾಲದಲ್ಲಿ ದಾವಣಗೆರೆ, ಹರಿಹರದ ಆಸ್ಪತ್ರೆಗಳಿಂದ ಸೋಂಕಿನ ಕಸ ಸಾಗಿಸುವ ದಾರಿ ಗೊತ್ತುಮಾಡುವುದು ನನ್ನ ಕೆಲಸವಾಗಿತ್ತು. ಸಂತೆ ತಪ್ಪಿಸಿ, ಜನ ತಪ್ಪಿಸಿ ಕಂಪ್ಯೂಟರಿನಲ್ಲಿ ಗೆರೆ ಎಳೆದಿದ್ದೆ. ಗಾಡಿ ಸಾಲದ್ದಕ್ಕೆ, ಮನೆಮನೆಯ ಕಸ ಎತ್ತುತ್ತಿದ್ದ ಹಳೇ ಗಾಡಿಯೊಂದಕ್ಕೆ ಭದ್ರವಾದ ಮುಚ್ಚಳ ಹಾಕಿಸಿದೆವು. ಅದರ ನೆತ್ತಿಯ ಮೇಲಿದ್ದ ಮೈಕು ಮಾತ್ರ ನನ್ನ ಕಣ್ಣಿಗೆ ಬೀಳಲಿಲ್ಲ.

ಮೊದಲ ದಿನ ನಾನೂ ಹತ್ತಿಕೊಂಡೆ. ದೇವರಾಜ ಅರಸು ಬಡಾವಣೆಯಲ್ಲಿ ಗಾಡಿ ತಿರುಗಿಸುವಾಗ ಡ್ರೈವರನ ದಪ್ಪ ಗ್ಲೌಸು ಯಾವುದೋ ಸ್ವಿಚ್ಚಿಗೆ ತಾಗಿ, ಕಸದ ಗಾಡಿಯ ಹಾಡು ಶುರುವಾಯಿತು. ಎಷ್ಟು ಒತ್ತಿದರೂ ನಿಲ್ಲಲಿಲ್ಲ. ಬಿಕೋ ಅನ್ನುತ್ತಿದ್ದ ರಸ್ತೆಗೆ ಎಲ್ಲ ಬಾಗಿಲುಗಳಿಂದ ಬಕೆಟ್ ಹಿಡಿದ ಜನ ಬಂದರು.

ನೈಟಿಯ ಮೇಲೆ ಟವೆಲ್ ಹೊದ್ದಿದ್ದ ಹೆಂಗಸೊಬ್ಬರು ಎಲ್ಲರಿಗಿಂತ ಮುಂದೆ. "ವಾರ ಆತು ಬಂದು, ಎಲ್ಲಿ ಹೋಗಿದ್ರಿ?" ಆಮೇಲೆ ಡ್ರೈವರನ ಪಿಪಿಇ ಕಿಟ್ ನೋಡಿ, "ಹೊಸ ಡ್ರೆಸ್ ಕೊಟ್ಟಾರೇನು? ಚಲೋ ಐತೆ ಬಿಡ್ರಿ" ಅಂದರು.

"ಅಮ್ಮಾ, ಇದು ಮನೆ ಕಸದ ಗಾಡಿ ಅಲ್ಲ," ಎಂದೆ.

"ಹಾಡು ಹಚ್ಚಿ ಕರ್ದು, ಈಗ ಅಲ್ಲ ಅಂದ್ರೆ ಹೆಂಗ್ರಿ?" ಎನ್ನುತ್ತಾ ಮುಚ್ಚಳಕ್ಕೆ ಕೈ ಚಾಚಿದರು.

"ಮುಟ್ಬ್ಯಾಡ್ರಿ! ಕೊರೊನಾ ವಾರ್ಡಿಂದು ಐತೆ!" ಎಂದು ಡ್ರೈವರ್ ಕೂಗಿದ. ಬಕೆಟ್‌ಗಳು ಬಿದ್ದಲ್ಲೇ ಬಿದ್ದವು. ರಸ್ತೆ ಕ್ಷಣದಲ್ಲಿ ಖಾಲಿ.

ಸಂಜೆಯೇ ಮೈಕು ಬಿಚ್ಚಿಸಿದೆ. ಮರುದಿನ ಅಸಲಿ ಕಸದ ಗಾಡಿಯವನ ಫೋನು: "ಸರ್, ಹಾಡು ಹಾಕಿದ್ರೆ ಸಾಕು, ಕಿಟಕಿನೂ ಮುಚ್ಕೊಂತಾರ್ರಿ!"

ಅವನನ್ನು ಸಮಾಧಾನ ಮಾಡಿ ಫೋನಿಟ್ಟೆ. ಆಮೇಲೆ ಡ್ರೈವರನನ್ನು ಕರೆದು, ನಮ್ಮ ಗಾಡಿಗೆ ಮೈಕು ವಾಪಸ್ ಹಾಕಿಸಿದೆ. ಜನರನ್ನು ದೂರ ಇಡುವುದಕ್ಕೆ ನಾನೆಳೆದ ಗೆರೆಗಿಂತ ಅದೇ ವಾಸಿ.