ಗಿರಣಿಯಣ್ಣನ ಕಿವಿಗೆ ಬಿದ್ದ ಬೀಗ

ಗಿರಣಿಯಣ್ಣ ಹಿಟ್ಟು ಬೀಸಲು ಶುರುಮಾಡಿ ಮೂವತ್ತನಾಲ್ಕು ವರ್ಷ. ಅವನ ಹಿಟ್ಟಿನಲ್ಲಿ ಕಲ್ಲು ಸಿಕ್ಕಿತೆಂದು ಒಬ್ಬರೂ ಬಾಯಿ ತೆರೆದದ್ದಿಲ್ಲ. ಅದರ ಗುಟ್ಟೇನು ಮಹಾ? ಕಿವಿ, ಅಷ್ಟೇ. ಕಾಳಿದ್ದಾಗ ಬೀಸುವ ಕಲ್ಲಿಗೆ ದಪ್ಪ ದನಿ. ಮುಗಿಯುತ್ತ ಬಂತೋ, ದನಿ ತೆಳ್ಳಗಾಗಿ ಕಿರುಗುಟ್ಟುತ್ತದೆ. ಆಗ ತಟ್ಟನೆ ಹಿಡಿ ತಿರುಗಿಸಿ ಕಲ್ಲುಗಳನ್ನು ದೂರ ಮಾಡಬೇಕು. ಇಲ್ಲದಿದ್ದರೆ ಕಲ್ಲಿಗೆ ಕಲ್ಲು ಉಜ್ಜಿ ಹರಳು ಹಿಟ್ಟಿಗೆ ಬೀಳುತ್ತದೆ. ಕಾಳಿನ ತೊಟ್ಟಿಗೆ ಬೆನ್ನು ಹಾಕಿ ಚೀಲ ಕಟ್ಟುತ್ತಲೇ ಅವನು ಇದನ್ನೆಲ್ಲ ಕೇಳಿಸಿಕೊಳ್ಳುತ್ತಿದ್ದ.

ಆ ಸದ್ದೇ ಕೊನೆಗೆ ಕಿವಿಯನ್ನೂ ತಿಂದಿತು. ಮಗಳು ಹೊಸ ಶ್ರವಣಯಂತ್ರ ತಂದುಕೊಟ್ಟಳು. ಫೋನಿನಲ್ಲಿ ಬೆರಳಾಡಿಸಿದರೆ ಸದ್ದು ಹೆಚ್ಚು, ಕಡಿಮೆ. ಎರಡು ತಿಂಗಳು ಗಿರಣಿಯಣ್ಣ ರಾಜನ ಹಾಗಿದ್ದ. ಒಂದು ಬೆಳಗ್ಗೆ ಫೋನು, "ನಿಮ್ಮ ಯಂತ್ರ ಈಗ ಇನ್ನೂ ಉತ್ತಮವಾಗಿದೆ" ಎಂದಿತು. ಇವನಿಗೂ ಖುಷಿಯಾಯಿತು. ಹೋಗಿ ಗಿರಣಿಯ ಸ್ವಿಚ್ ಹಾಕಿದ. ಬೆಲ್ಟು ತಿರುಗಿತು, ನೆಲ ನಡುಗಿತು, ಸದ್ದು ಮಾತ್ರ ನಾಪತ್ತೆ. ಯಂತ್ರ ಕಿತ್ತು ನೋಡಿದ. ಆಗಲೂ ಏನೂ ಕೇಳಿಸದು. ಬೇಕರಿಯವನ ಗೋಧಿ ಅವತ್ತೇ ಬೀಸಿ ಕೊಡಬೇಕಿತ್ತು. ಕತ್ತು ಹೊರಳಿಸಿ ಹೊರಳಿಸಿ ತೊಟ್ಟಿ ನೋಡುತ್ತ ಹೇಗೋ ಮುಗಿಸಿದ.

ಮಾರನೇ ದಿನ ಬೇಕರಿಯವನು ಬಂದು ಅಂಗೈ ಚಾಚಿದ. ಅದರಲ್ಲಿ ಎರಡು ಚೂರುಗಳಿದ್ದವು.

"ಅಣ್ಣಾ, ಈ ಹಲ್ಲು ನನ್ನದು. ಈ ಹರಳು ನಿನ್ನದು," ಎಂದ. "ಇನ್ನೊಂದ್ಸಲ ಹೀಗಾದ್ರೆ ಬೇರೆ ಗಿರಣಿ ನೋಡ್ಕೋತೀನಿ. ಬೇಜಾರ್ ಮಾಡ್ಕೋಬೇಡ."

ಗಿರಣಿಯಣ್ಣ ನಾಚಿಕೆಯಿಂದ ಕುಗ್ಗಿಹೋದ. ಅವತ್ತೇ ಶ್ರವಣಯಂತ್ರದ ಅಂಗಡಿಗೆ ಓಡಿದ.

"ಇದು ಕೆಟ್ಟಿಲ್ಲ ಸಾರ್," ಎಂದಳು ಅಂಗಡಿಯ ಹುಡುಗಿ. "ಹೊಸ ಅಪ್‌ಡೇಟ್ ಬಂದಿದೆ. ಗದ್ದಲ ಅನ್ಸಿದ್ರೆ ತಾನೇ ಮುಚ್ಚುತ್ತೆ, ಜನರ ಮಾತು ಮಾತ್ರ ಬಿಡುತ್ತೆ."

"ಆ ಗದ್ದಲದಲ್ಲೇ ತಾಯಿ ನನ್ನ ಅನ್ನ ಇರೋದು. ಮೊದಲಿದ್ದ ಹಾಗೆ ಮಾಡ್ಕೊಡು."

"ಹಳೇದಕ್ಕೆ ಹೋಗಕ್ಕಾಗಲ್ಲ. ಕಂಪನಿಯೋರು ಬೀಗ ಹಾಕಿದ್ದಾರೆ."

"ಯಂತ್ರ ಯಾರದ್ದು?"

"ನಿಮ್ಮದೇ ಸಾರ್."

"ಕಿವಿ?"

"ಅದೂ ನಿಮ್ಮದೇ."

"ಮತ್ತೆ, ಏನು ಕೇಳಿಸ್ಬೇಕು ಅನ್ನೋದು?"

ಹುಡುಗಿ ಪಾಪ, ಕಂಪ್ಯೂಟರಿನ ಕಡೆ ತಿರುಗಿ ಒಂದು ಸಲ ನೋಡಿಯೇ ಹೇಳಿದಳು. "ಅದು ಕಂಪನಿದು ಸಾರ್."

ಗಿರಣಿಯಣ್ಣ ಮನೆಗೆ ಬಂದು ಹೆಂಡತಿಯ ಮುಂದೆ ಕಂಪನಿಯ ವಂಶವನ್ನೆಲ್ಲ ಬೈದ. ಅವಳು ಹೂಂ ಹೂಂ ಎನ್ನುತ್ತ ಈರುಳ್ಳಿ ಹೆಚ್ಚಿದಳು.

ಬೇಕರಿಯವನ ಮುಂದಿನ ಗೋಧಿ ಬಂದ ದಿನ ಅವನು ತೊಟ್ಟಿಯ ಮೇಲಿಂದ ಕಣ್ಣೇ ಕೀಳಲಿಲ್ಲ. ಆದರೆ ತುಂಬಿದ ಚೀಲ ತಾನಾಗಿ ಕಟ್ಟಿಕೊಳ್ಳುತ್ತದೆಯೇ? ಬಗ್ಗಲೇಬೇಕಾಯಿತು. ಹಗ್ಗ ಸಿಕ್ಕಾಯಿತು. ಬಿಡಿಸುತ್ತ ಕೂತ. ಗಿರಣಿಯ ಗದ್ದಲವನ್ನು ಕಿವಿಯ ಯಂತ್ರ ಮುಚ್ಚಿತ್ತು, ಸುತ್ತ ಎಲ್ಲ ನಿಶ್ಶಬ್ದ. ಆ ನಿಶ್ಶಬ್ದದಲ್ಲಿ ಒಂದು ದನಿ ಗಂಟೆ ಹೊಡೆದ ಹಾಗೆ ಕೇಳಿಸಿತು.

"ರೀ! ಕಾಳು ಮುಗೀತು, ಕಲ್ಲು ಬಿಡಿಸ್ರೀ!"

ಅವನು ಹಾರಿ ಹಿಡಿ ತಿರುಗಿಸಿದ. ತೊಟ್ಟಿಯ ತಳದಲ್ಲಿ ಒಂದು ಹಿಡಿ ಗೋಧಿ ಉಳಿದಿತ್ತು. ತಿರುಗಿ ನೋಡಿದರೆ ಗಿರಣಿಗೆ ಅಂಟಿದ ಅಡುಗೆಮನೆಯ ಬಾಗಿಲಲ್ಲಿ ಹೆಂಡತಿ, ಕೈಯಲ್ಲಿ ಸೌಟು. ಅಲ್ಲಿಂದ ತೊಟ್ಟಿಯ ಒಳಗು ಕಾಣುವುದೇ ಇಲ್ಲ.

"ನಿಂಗೆ ಹೇಗೆ ಗೊತ್ತಾಯ್ತೇ?"

"ಮೂವತ್ತನಾಲ್ಕು ವರ್ಷ ಈ ಗೋಡೆ ಆಚೆ ಅಡುಗೆ ಮಾಡಿದೀನಿ, ಗೊತ್ತಾಗದೆ ಏನು? ಎಷ್ಟೋ ಸಲ ಹೀಗೇ ಕೂಗಿದೀನಿ. ಈ ಸದ್ದಲ್ಲಿ ನಿಮಗೆಲ್ಲಿ ಕೇಳಿಸ್ಬೇಕು? ನನ್ನ ಕಿವಿಗಂತೂ ಯಾರೂ ಬೀಗ ಹಾಕಿಲ್ಲ."

ಹಿತ್ತಲ ಗಿಡ ಮದ್ದಲ್ಲ ಅನ್ನುತ್ತಾರೆ. ಗಿರಣಿಯಣ್ಣ ಒಳಗಿಂದ ಒಂದು ಸ್ಟೂಲ್ ತಂದು ತೊಟ್ಟಿಯ ಪಕ್ಕ ಇಟ್ಟ.

"ಧೂಳಿದೆ, ಒರೆಸಿ," ಎಂದಳು.

ಗಿರಣಿ ಇನ್ನೂ ತಿರುಗುತ್ತಲೇ ಇತ್ತು. ಆದರೂ ಅವಳ ಆ ಮಾತೂ ಸ್ಪಷ್ಟವಾಗಿ ಕೇಳಿಸಿತು. ಒರೆಸಿದ.