ಲಕ್ಷ್ಮಿದೇವಮ್ಮನ ಮೂರು ದಿನ

ಸಂಜೀವಯ್ಯ ತಿಂಗಳಿಗೆ ಮೂರು ದಿನ ಅಡುಗೆ ಮಾಡುತ್ತಿದ್ದರು. ಉಳಿದ ದಿನಗಳಲ್ಲಿ ನೀರು ಕುಡಿಯುವ ಲೋಟ ಎಲ್ಲಿದೆಯೆಂದೂ ಅವರಿಗೆ ತಿಳಿಯುತ್ತಿರಲಿಲ್ಲ.

ಜಯನಗರದ ಆ ಮನೆಯಲ್ಲಿ ಎಪ್ಪತ್ತರ ದಶಕದಲ್ಲೂ, ಹೊರಗಾದ ಹೆಂಗಸು ಹಿತ್ತಲ ಕಡೆಯ ಸಣ್ಣ ಕೋಣೆಯಲ್ಲೇ ಕೂರಬೇಕಿತ್ತು. ಒಂದು ಚಾಪೆ, ಹಳೆಯ ಕಂಬಳಿ, ಬೇರೆ ತಟ್ಟೆ, ಬೇರೆ ಲೋಟ. ಯಾರೂ ಮುಟ್ಟುವಂತಿಲ್ಲ, ತಟ್ಟೆಗೆ ತಾಗದ ಹಾಗೆ ಮೇಲಿನಿಂದ ಬಡಿಸಬೇಕು, ನಾಲ್ಕನೆಯ ಬೆಳಿಗ್ಗೆ ತಲೆಗೆ ನೀರು ಹಾಕಿಕೊಂಡ ಮೇಲೆಯೇ ಒಳಗೆ ಬರಬೇಕು. ಮನೆಯಲ್ಲಿ ಲಕ್ಷ್ಮಿದೇವಮ್ಮನನ್ನು ಬಿಟ್ಟರೆ ದೊಡ್ಡ ಹೆಂಗಸರಿರಲಿಲ್ಲ. ಹಾಗಾಗಿ ಕಾರ್ಖಾನೆಯೊಂದರ ಸ್ಟೋರ್ಸಿನಲ್ಲಿ ಗುಮಾಸ್ತರಾಗಿದ್ದ ಅವರ ಗಂಡ, ಆ ಮೂರು ದಿನ ಪಂಚೆ ಎತ್ತಿ ಕಟ್ಟಿಕೊಂಡು, ಕಂಪನಿ ಬಸ್ಸು ಬರುವುದರೊಳಗೆ ಅನ್ನ ಸಾರು ಮುಗಿಸಬೇಕಿತ್ತು.

ಅಡುಗೆಮನೆಗೂ ಆ ಕೋಣೆಗೂ ನಡುವೆ ಒಂದೇ ಗೋಡೆ. ಲಕ್ಷ್ಮಿದೇವಮ್ಮ ಗೋಡೆಯಾಚೆ ಕೂತು ಕಿವಿಯಿಂದಲೇ ಅಡುಗೆ ಮಾಡಿಸುತ್ತಿದ್ದರು.

“ಸಾಸಿವೆ ಇನ್ನೂ ಸಿಡಿದಿಲ್ಲ. ಆಗಲೇ ಮೆಣಸಿನಕಾಯಿ ಹಾಕ್ಬೇಡಿ.”

“ಸಿಡೀತು ಕಣೇ.”

“ಎರಡು ಕಾಳು ಸಿಡೀತು. ಮಿಕ್ಕಿದ್ದೂ ಸಿಡೀಲಿ, ತಾಳಿ.”

“ಫ್ಯಾಕ್ಟ್ರೀಲೂ ಸೂಪರ್‌ವೈಸರ್ ಕಾಟ, ಮನೇಲೂ ಸೂಪರ್‌ವೈಸರ್ ಕಾಟ!”

“ಈ ಸೂಪರ್‌ವೈಸರಿಗೆ ಹಸಿವಾಗಿದೆ. ಬೇಗ ಆಗ್ಲಿ.”

ಮಗಳು ಚೂಡಾಮಣಿ ಇದನ್ನು ಕೇಳಿಕೊಂಡೇ ಬೆಳೆದಳು. ಬೇರೆ ದಿನಗಳಲ್ಲಿ ಅಮ್ಮನಿಗೆ ತಮಾಷೆಗೆ ಪುರುಸೊತ್ತಿರಲಿಲ್ಲ. ನಲ್ಲಿಯಲ್ಲಿ ನೀರು ಬರುವ ಹೊತ್ತಿಗೆ ಎದ್ದರೆ, ದೋಸೆಗೆ ರುಬ್ಬುವುದು, ಗಂಡನ ಡಬ್ಬಿ, ಹಿತ್ತಲ ಕಲ್ಲಿನ ಮೇಲೆ ಬಟ್ಟೆ, ಮತ್ತೆ ಪಾತ್ರೆ, ಮತ್ತೆ ಒಲೆ. ತಮ್ಮ ಊಟವನ್ನು ನಿಂತುಕೊಂಡೇ, ಅನ್ನದ ಪಾತ್ರೆಯಿಂದಲೇ ಮುಗಿಸುತ್ತಿದ್ದರು. ಕಾಲು ಚಾಚಿ, ತಿಂಗಳಿಡೀ ಎತ್ತಿಟ್ಟಿದ್ದ ವಾರಪತ್ರಿಕೆಗಳನ್ನು ಒಟ್ಟಿಗೆ ಓದುತ್ತಿದ್ದುದು ಆ ಮೂರು ದಿನ ಮಾತ್ರ.

ಚೂಡಾಮಣಿ ಹೈಸ್ಕೂಲಿಗೆ ಬಂದಾಗ ಸಂಜೀವಯ್ಯ ಸೌಟನ್ನು ಅವಳ ಕೈಗೆ ದಾಟಿಸಲು ನೋಡಿದರು. “ಇನ್ಮೇಲೆ ಚೂಡಾ ಮಾಡ್ತಾಳೆ ಬಿಡು.”

ಗೋಡೆಯಾಚೆಯಿಂದ ದನಿ ಬಂತು: “ಅವಳು ಓದ್ಕೊಳ್ಳಲಿ. ಅವಳು ಕಲಿತ್ರೆ ನೀವು ಮರ್ತುಬಿಡ್ತೀರಿ.”

ಕಾಲೇಜು ಸೇರಿದ ಮೇಲೆ ಚೂಡಾಮಣಿ, “ನಾನೇನು ಅಪರಾಧ ಮಾಡಿದ್ದೀನಾ? ಆ ಕೋಣೆಗೆ ಹೋಗಲ್ಲ,” ಎಂದು ಹಟ ಹಿಡಿದಳು. ಲಕ್ಷ್ಮಿದೇವಮ್ಮ ವಾದ ಮಾಡಲಿಲ್ಲ. “ನೀನು ಬರ್ಬೇಡ. ನನ್ನನ್ನ ಮಾತ್ರ ಎಬ್ಬಿಸ್ಬೇಡ.”

ಆ ಮಾತು ಚೂಡಾಮಣಿಗೆ ಅರ್ಥವಾದದ್ದು ಬಹಳ ತಡವಾಗಿ, ಅವಳು ಕೆಲಸಕ್ಕೆ ಸೇರಿದ ವರ್ಷ. ಮುಟ್ಟಿನ ಬಟ್ಟೆಗಳನ್ನು ಹಿತ್ತಲ ತಂತಿಯ ಮೇಲೆ ಹಳೆಯ ಸೀರೆಯೊಂದರ ಮರೆಯಲ್ಲಿ ಒಣಗಿಸುವುದು ರೂಢಿ. ಒಂದು ದಿನ ಗಾಳಿಗೆ ಆ ಸೀರೆ ಹಾರಿತು. ಅದರ ಕೆಳಗೆ ಏನೂ ಇರಲಿಲ್ಲ. ಮುಂದಿನ ತಿಂಗಳೂ ಏನೂ ಇರಲಿಲ್ಲ.

“ಅಮ್ಮಾ, ನಿನಗೆ ನಿಂತುಹೋಗಿದೆ ಅಲ್ವಾ?”

ಲಕ್ಷ್ಮಿದೇವಮ್ಮ ಪತ್ರಿಕೆಯಿಂದ ತಲೆ ಎತ್ತಲಿಲ್ಲ. “ಮೆಲ್ಲಗೆ ಮಾತಾಡು. ಯುಗಾದಿ ಹೊತ್ತಿಗೇ ನಿಂತ್ಹೋಯ್ತು.”

“ಮತ್ತೆ ಇಲ್ಲಿ ಯಾಕೆ ಕೂತಿದ್ದೀಯ?”

“ಈ ಮನೇಲಿ ನಾನು ಕೂರೋಕೆ ಇನ್ನೊಂದು ಜಾಗ ತೋರ್ಸು, ಅಲ್ಲಿ ಕೂರ್ತೀನಿ.”

ಚೂಡಾಮಣಿ ಮನೆಯ ಒಂದೊಂದೇ ಮೂಲೆಯನ್ನು ನೆನೆದು ನೋಡಿದಳು. ಹೇಳಲು ಯಾವ ಜಾಗವೂ ಸಿಗಲಿಲ್ಲ.

ಅದೇ ವರ್ಷ ಸಂಜೀವಯ್ಯನ ಅಕ್ಕ ಅಮ್ಮಣ್ಣಿ, ಕಣ್ಣಿನ ಪೊರೆ ತೆಗೆಸಿಕೊಂಡು ವಿಶ್ರಾಂತಿಗೆಂದು ಬಸವನಗುಡಿಯಿಂದ ಬಂದರು. ಹಬ್ಬಕ್ಕೆಲ್ಲ ತಮ್ಮನ ಮನೆಗೇ ಬರುತ್ತಿದ್ದವರು ಅವರು. ಒಲೆಯ ಹೊಗೆಗೆ ನಿಲ್ಲಬಾರದೆಂದು ಡಾಕ್ಟರು ಹೇಳಿದ್ದರಿಂದ ಅಡುಗೆಮನೆಯ ಬಾಗಿಲಲ್ಲಿ ಮಣೆ ಹಾಕಿಕೊಂಡು ಕೂರುತ್ತಿದ್ದರು. ಒಂದು ಕಣ್ಣಿಗೆ ಪಟ್ಟಿ ಇತ್ತು. ಇನ್ನೊಂದು ಎರಡರ ಕೆಲಸವನ್ನೂ ಮಾಡುತ್ತಿತ್ತು.

“ಸಂಜೀವಾ, ಆ ಸೌಟು ಕೆಳಗಿಡು. ನಿನ್ನ ಹೆಂಡ್ತಿ ಸುಳ್ಳು ಕೂತಿದ್ದಾಳೆ.”

“ಮೆಲ್ಲಗೆ ಅಕ್ಕ.”

“ಯಾಕೆ ಮೆಲ್ಲಗೆ? ಮುಂಚೆ ಗೌರಿ ಹಬ್ಬಕ್ಕೋ ದೀಪಾವಳಿಗೋ, ಯಾವ್ದಕ್ಕಾದ್ರೂ ಒಂದಕ್ಕೆ ಹೊರಗಾಗೋಳು. ಈ ವರ್ಷ ಒಂದು ಹಬ್ಬಕ್ಕೂ ಇಲ್ಲ. ಅಪ್ಪನ ತಿಥಿಗೂ ಮಡಿಯಲ್ಲೇ ಇದ್ಲು. ಮೈಯೇನು ಪಂಚಾಂಗ ನೋಡ್ಕೊಂಡು ನಡೆಯುತ್ತಾ?”

ಲಕ್ಷ್ಮಿದೇವಮ್ಮ ಸಿಕ್ಕಿಬಿದ್ದದ್ದು ಇಲ್ಲೇ. ಸುಳ್ಳು ಕೂರುವಾಗಲೂ ಹಬ್ಬದ ಅಡುಗೆಯನ್ನು ಗಂಡನ ತಲೆಗೆ ಕಟ್ಟಲು ಅವರಿಗೆ ಮನಸ್ಸು ಬಂದಿರಲಿಲ್ಲ. ಹಬ್ಬವಿಲ್ಲದ, ತಿಥಿಯಿಲ್ಲದ ದಿನಗಳನ್ನೇ ಹುಡುಕಿ ಹೊರಗಾಗಿದ್ದರು.

ನಡುಮನೆಯಲ್ಲಿ ಜಡೆ ಹೆಣೆಯುತ್ತಿದ್ದ ಚೂಡಾಮಣಿಯ ಕೈ ನಿಂತಿತು. ಅಪ್ಪ ಈಗ ಸೌಟು ಕೆಳಗಿಟ್ಟರೆ ಅಮ್ಮನ ಮೂರು ದಿನ ಮುಗಿದ ಹಾಗೆ.

ಸಂಜೀವಯ್ಯ ಸೌಟು ಕೆಳಗಿಡಲಿಲ್ಲ. “ನನಗೆ ಗೊತ್ತು ಅಕ್ಕ. ಇಷ್ಟು ವರ್ಷ ಜೊತೇಲಿದ್ದು ಅಷ್ಟೂ ಗೊತ್ತಾಗಲ್ವಾ? ಸುಸ್ತಾಗಿರುತ್ತೆ, ಪಾಪ. ಕೂತ್ಕೊಳ್ಳಲಿ ಬಿಡು.”

ಅಪ್ಪನ ಮೇಲೆ ಚೂಡಾಮಣಿಗೆ ಎಷ್ಟು ಪ್ರೀತಿ ಉಕ್ಕಿತೆಂದರೆ ಕಣ್ಣು ಮಂಜಾಯಿತು. ಅಷ್ಟರಲ್ಲಿ ಹಿತ್ತಲ ಕೋಣೆಯ ಬಾಗಿಲು ತೆರೆಯಿತು. ಲಕ್ಷ್ಮಿದೇವಮ್ಮ ಸ್ನಾನವಿಲ್ಲದೆ, ನೇರವಾಗಿ ಅಡುಗೆಮನೆಯ ಹೊಸಿಲು ದಾಟಿ ಬಂದರು.

“ಅಯ್ಯಯ್ಯೋ, ಮೈಲಿಗೆ...” ಎಂದ ಅಮ್ಮಣ್ಣಿ, ಈಗಷ್ಟೇ ತಾವೇ ಹೇಳಿದ್ದು ನೆನಪಾಗಿ ಬಾಯಿ ಮುಚ್ಚಿದರು.

“ನಿಮ್ಗೆ ಗೊತ್ತಿತ್ತಾ?” ಲಕ್ಷ್ಮಿದೇವಮ್ಮ ಗಂಡನನ್ನು ಕೇಳಿದರು.

“ಗೊತ್ತಿತ್ತು ಕಣೇ. ಅದಕ್ಕೇ ಏನೂ ಅನ್ನಲಿಲ್ಲ.”

“ನನಗೆ ಸುಸ್ತಾಗುತ್ತೆ ಅಂತ ಗೊತ್ತಿತ್ತು. ನಿಮಗೆ ಅಡುಗೆ ಬರುತ್ತೆ ಅಂತಲೂ ಗೊತ್ತಿತ್ತು. ಮತ್ತೆ ಮಿಕ್ಕಿದ ದಿನ ಯಾಕ್ರೀ ಒಳಗೆ ಬರ್ಲಿಲ್ಲ?”

ಸಾರು ಉಕ್ಕಿ ಒಲೆಯ ಮೇಲೆ ಚೆಲ್ಲಿತು. ಸಂಜೀವಯ್ಯ ಉರಿ ಆರಿಸಿದರು. “ನೀನು ಕೇಳ್ಲಿಲ್ಲ,” ಎಂದರು, ಚೆಲ್ಲಿದ ಸಾರನ್ನೇ ನೋಡುತ್ತ.

“ಹೌದು, ಕೇಳ್ಲಿಲ್ಲ. ಕೇಳಿದ್ರೆ ಸಿಗಲ್ಲ ಅಂತ ಮೂಲೆ ಸೇರ್ಕೊಂಡೆ.”

ಒರೆಸುವ ಬಟ್ಟೆ ತೆಗೆದುಕೊಂಡು ಒಲೆ ಒರೆಸಿದವರು ಲಕ್ಷ್ಮಿದೇವಮ್ಮನೇ.

ಮುಂದಿನ ತಿಂಗಳು ಅವರು ಏನು ಮಾಡುತ್ತಾರೆಂದು ಯಾರಿಗೂ ತಿಳಿದಿರಲಿಲ್ಲ. ಒಂದು ಬೆಳಿಗ್ಗೆ ಅವರು ಹಿತ್ತಲ ಕೋಣೆಯ ಚಾಪೆ ಸುತ್ತಿ ಅಟ್ಟಕ್ಕೆ ಹಾಕಿದರು. ನಡುಮನೆಗೆ ಬಂದು, ಸಂಜೀವಯ್ಯ ಪೇಪರ್ ಓದುವ ಬೆತ್ತದ ಕುರ್ಚಿಯಲ್ಲಿ ಕೂತು, ಎದುರಿನ ಸ್ಟೂಲಿನ ಮೇಲೆ ಕಾಲು ಚಾಚಿದರು.

“ಇವತ್ತು ನಾನು ಕೂತ್ಕೊಳ್ತೀನಿ ರೀ.”

“ಇದ್ಯಾವ ಶಾಸ್ತ್ರವೇ?” ಅಮ್ಮಣ್ಣಿ ಕೇಳಿದರು.

“ಶಾಸ್ತ್ರ ಏನಿಲ್ಲ ಅತ್ತಿಗೆ. ಕಾಲು ನೋಯ್ತಿದೆ.”

ಸಂಜೀವಯ್ಯ ಗಡಿಯಾರ ನೋಡಿದರು, ಅಕ್ಕನನ್ನು ನೋಡಿದರು, ಪಂಚೆ ಎತ್ತಿ ಕಟ್ಟಿದರು. ಸ್ವಲ್ಪ ಹೊತ್ತಿಗೆ ಒಳಗಿನಿಂದ ಕೂಗಿದರು: “ಲಕ್ಷ್ಮೀ, ಸಾಸಿವೆ ಆಯ್ತೇನೇ?”

“ಇಲ್ಲಿಗೆ ಕೇಳ್ಸಲ್ಲ. ನೀವು ಅಲ್ಲೇ ಇದ್ದೀರಲ್ಲ, ನೀವೇ ಕೇಳಿಸ್ಕೊಳ್ಳಿ.”

ಹಾಗೆಂದು ಆ ಮನೆ ಬದಲಾಗಿಬಿಟ್ಟಿತೆಂದಲ್ಲ. ಕೆಲವು ತಿಂಗಳು ಮೂರು ದಿನ ಒಂದೇ ದಿನಕ್ಕೆ ಇಳಿಯಿತು. ಸಂಜೀವಯ್ಯ ಗೊಣಗಿದ್ದೂ ಉಂಟು. ಪಾತ್ರೆ ತೊಳೆಯುವುದು ಕೊನೆಯವರೆಗೂ ಲಕ್ಷ್ಮಿದೇವಮ್ಮನ ಪಾಲಿಗೇ ಉಳಿಯಿತು. ಆದರೆ ಆ ಚಾಪೆ ಮತ್ತೆ ಅಟ್ಟದಿಂದ ಇಳಿಯಲಿಲ್ಲ.

ಚೂಡಾಮಣಿ ಮದುವೆಯಾಗಿ ಬನಶಂಕರಿಗೆ ಹೋದಳು. ಗಂಡ ತಿರುಮಲೇಶ ಒಳ್ಳೆಯವನು. “ನಮ್ಮನೇಲಿ ಆ ಹಳೇ ಮಡಿಮೈಲಿಗೆ ಎಲ್ಲ ಇಲ್ಲ,” ಎಂದು ಮೊದಲ ದಿನವೇ ಹೆಮ್ಮೆಯಿಂದ ಹೇಳಿದ್ದ. ನಿಜವೇ. ಆ ಮನೆಯಲ್ಲಿ ಹಿತ್ತಲ ಕೋಣೆ ಇರಲಿಲ್ಲ, ಮೂರು ದಿನವೂ ಇರಲಿಲ್ಲ.

ಒಂದು ಸಂಜೆ ಆಫೀಸಿನಿಂದ ಬಂದವಳು ಚಪ್ಪಲಿ ಬಿಟ್ಟು ನಡುಮನೆಯ ಕುರ್ಚಿಯಲ್ಲಿ ಕೂತಳು. “ಅನ್ನಕ್ಕೆ ನೀವು ಇಡ್ರೀ.”

“ಯಾಕೆ, ಹುಷಾರಿಲ್ವಾ?”

ತಲೆನೋವು ಎನ್ನುವ ಮಾತು ನಾಲಿಗೆಯ ತುದಿಗೆ ಬಂದಿತ್ತು. ಹೇಳಿದ್ದರೆ ನಂಬುತ್ತಿದ್ದ, ಮಾತ್ರೆಯನ್ನೂ ತಂದುಕೊಡುತ್ತಿದ್ದ.

“ಹುಷಾರಾಗಿದ್ದೀನಿ. ಸುಸ್ತಾಗಿದೆ, ಅಷ್ಟೇ.”

ತಿರುಮಲೇಶ ಒಳಗೆ ಹೋದ. ಆಮೇಲೆ ಅಡುಗೆಮನೆಯ ದೀಪ ಹಾಕಿದ ಸದ್ದು ಕೇಳಿಸಿತು.

“ಅಕ್ಕಿ ಡಬ್ಬ ಎಲ್ಲಿದೆ?”

ಚೂಡಾಮಣಿ ಎಲ್ಲಿದೆಯೆಂದು ಹೇಳಿದಳು. ಏಳಲಿಲ್ಲ.